ಪ್ರಾರ್ಥಿಸಿದರೂ ಬಿಡದ ಚಟ, ಇಳಿಯದ ಸಿಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೊತ್ತು ಬಂದಿವೆ: ದೇವರನ್ನು ನಂಬುತ್ತೇನೆ, ಪ್ರಾರ್ಥನೆ ತಪ್ಪಿಸುವುದಿಲ್ಲ, ಆದರೂ ಈ ಒಂದು ದೌರ್ಬಲ್ಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ಕಥೋಲಿಕರೂ ಬರೆದಿದ್ದಾರೆ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯವರೂ ಬರೆದಿದ್ದಾರೆ. ಹೆಸರು, ಊರು ಬಿಟ್ಟು ಕೆಲವನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಶಿಕ್ಷಕಿ, ಇಬ್ಬರು ಮಕ್ಕಳ ತಾಯಿ. ಶಾಲೆಯಲ್ಲಿ ತಾಳ್ಮೆಯಿಂದಲೇ ಇರುತ್ತೇನೆ, ಮನೆಯಲ್ಲಿ ಮಾತ್ರ ಸಣ್ಣದಕ್ಕೂ ಕೂಗಾಡುತ್ತೇನೆ. ಪ್ರತಿ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಂದು, ಈ ನಲವತ್ತು ದಿನ ಒಮ್ಮೆಯೂ ಸಿಟ್ಟಾಗುವುದಿಲ್ಲ ಎಂದು ದೇವರಿಗೆ ಮಾತು ಕೊಡುತ್ತೇನೆ. ಎರಡನೆಯ ವಾರಕ್ಕೆ ಎಲ್ಲ ಮುಗಿದಿರುತ್ತದೆ. ನನ್ನ ವಿಶ್ವಾಸ ಸಾಲದೆ?

ವಿಶ್ವಾಸ ಸಾಲುತ್ತದೆ, ಪ್ರತಿಜ್ಞೆಯ ಅಳತೆ ತಪ್ಪಿದೆ. ನಲವತ್ತು ದಿನ ಒಮ್ಮೆಯೂ ಇಲ್ಲ ಎಂಬ ಮಾತು ಮೊದಲ ಸಲ ತಪ್ಪಿದಾಗಲೇ ಪೂರ್ತಿ ಸಾಯುತ್ತದೆ. ಆಮೇಲೆ ಉಳಿಯುವುದು ಬರೀ ನಾಚಿಕೆ, ಮತ್ತು ನಾಚಿಕೆಯಲ್ಲಿರುವವರಿಗೆ ಸಿಟ್ಟು ಇನ್ನೂ ಬೇಗ ಬರುತ್ತದೆ. ಬಯಸುವ ಒಳ್ಳೆಯದನ್ನು ಮಾಡದೆ ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲನೂ ಒಪ್ಪಿಕೊಳ್ಳುತ್ತಾನೆ. ಹಾಗೆ ಒಪ್ಪಿಕೊಂಡ ಮೇಲೆ ಅವನು ಹೊಸ ಆಣೆ ಇಡುವುದಿಲ್ಲ. ನನ್ನನ್ನು ಬಿಡಿಸುವವರು ಯಾರು ಎಂದು ಕೇಳುತ್ತಾನೆ.

ನಿಮಗೆ ಸರಿಹೊಂದುವ ಕ್ರಮವೊಂದು ಲೊಯೋಲದ ಸಂತ ಇಗ್ನೇಷಿಯಸರಲ್ಲಿದೆ. ಅವರು ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕಕ್ಕೆ 1548ರಲ್ಲಿ ಪೋಪರ ಅನುಮೋದನೆ ಸಿಕ್ಕಿತು. ಅವರು ಕಟ್ಟಿದ ಜೆಸ್ವಿಟ್ ಸಂಘದ ಗುರುಗಳು 1878ರ ಕೊನೆಗೆ ಮಂಗಳೂರಿಗೂ ಬಂದರು. ಆ ಸಾಧನೆಗಳಲ್ಲಿ ಒಂದೇ ಒಂದು ದೋಷವನ್ನು ಹಿಡಿದು ದಿನಕ್ಕೆ ಮೂರು ಹೊತ್ತು ನೋಡುವ ಪರೀಕ್ಷೆ ಇದೆ. ಬೆಳಗ್ಗೆ ಎದ್ದ ಕೂಡಲೇ, ಇಂದು ಯಾವುದರಿಂದ ದೂರವಿರಬೇಕು ಎಂದು ನೆನೆಯುವುದು. ಮಧ್ಯಾಹ್ನ ಊಟದ ಮೇಲೆ, ಬೆಳಗಿನಿಂದ ಆ ಹೊತ್ತಿನವರೆಗೆ ಎಷ್ಟು ಸಲ ಬಿದ್ದೆ ಎಂದು ಗಂಟೆ ಗಂಟೆಯಾಗಿ ನೋಡಿ ಅಷ್ಟು ಚುಕ್ಕಿ ಇಡುವುದು. ರಾತ್ರಿ ಊಟದ ಮೇಲೆ ಮತ್ತೆ ಅದೇ ರೀತಿ. ಒಂದು ದಿನಕ್ಕೆ ಎರಡು ಗೆರೆ, ಒಂದು ಮಧ್ಯಾಹ್ನದವರೆಗಿನದು, ಇನ್ನೊಂದು ರಾತ್ರಿಯವರೆಗಿನದು. ಹಾಗಾಗಿ ಬೆಳಗ್ಗೆ ಸೋತರೂ ಮಧ್ಯಾಹ್ನದಿಂದ ಹೊಸ ಗೆರೆ ಸಿಗುತ್ತದೆ. ಇಂದಿನ ಗೆರೆಯನ್ನು ನಿನ್ನೆಯದರೊಂದಿಗೆ, ಈ ವಾರವನ್ನು ಹಿಂದಿನ ವಾರದೊಂದಿಗೆ ಹೋಲಿಸಬೇಕು. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಮನಸ್ಸಿನಲ್ಲೇ ನೊಂದುಕೊಳ್ಳಬೇಕು ಎಂದೂ ಅವರು ಹೇಳುತ್ತಾರೆ. ಅದನ್ನು ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು.

ಇದನ್ನು ಶುರು ಮಾಡಿದವರು ಸಾಮಾನ್ಯವಾಗಿ ತಪ್ಪುವುದು ದೋಷವನ್ನು ತೀರಾ ದೊಡ್ಡದಾಗಿ ಹೆಸರಿಸುವುದರಲ್ಲಿ. ‘ಸಿಟ್ಟು’ ಎಂದು ಬರೆದರೆ ಏನನ್ನು ಎಣಿಸುತ್ತೀರಿ? ‘ಮಕ್ಕಳನ್ನು ಶಾಲೆಗೆ ಹೊರಡಿಸುವಾಗ ಕೂಗಿ ಬೈಯುವುದು’ ಎಂದು ಬರೆದರೆ ಎಣಿಸಬಹುದು. ಮೊದಲ ವಾರ ಏನನ್ನೂ ಬದಲಿಸಬೇಡಿ. ಚುಕ್ಕಿಯ ಪಕ್ಕ ಗಂಟೆ, ಎದುರಿಗಿದ್ದವರು, ಆಗ ತಿಂಡಿ ತಿಂದಿದ್ದಿರೋ ಇಲ್ಲವೋ, ಇಷ್ಟನ್ನೇ ಬರೆಯಿರಿ. ಚುಕ್ಕಿಗಳು ದಿನವಿಡೀ ಸಮನಾಗಿ ಹರಡಿರುವುದು ಅಪರೂಪ. ಶಾಲೆಯ ವ್ಯಾನ್ ಬರುವ ಮುಂಚಿನ ಅರ್ಧ ಗಂಟೆಯಲ್ಲೇ ಹೆಚ್ಚಿನವು ಬಿದ್ದಿದ್ದರೆ, ರಾತ್ರಿಯೇ ಯೂನಿಫಾರ್ಮ್ ಇಸ್ತ್ರಿ ಮಾಡಿಡುವುದು, ಬ್ಯಾಗ್ ಜೋಡಿಸಿಡುವುದು, ಮಕ್ಕಳಿಗೆ ಬಡಿಸುವ ಮುಂಚೆ ನೀವು ಎರಡು ಇಡ್ಲಿ ತಿನ್ನುವುದು, ಇವೂ ನಿಮ್ಮ ತಪಸ್ಸುಕಾಲದ ಸಾಧನೆಗಳೇ. ಇಸ್ತ್ರಿ ಪೆಟ್ಟಿಗೆಯಲ್ಲಿ ಏನು ಆಧ್ಯಾತ್ಮ ಎಂದು ಮೂಗು ಮುರಿಯುವವರು ಸೋಲಿನ ಕಾರಣ ಹುಡುಕುತ್ತಾ ವರ್ಷಗಟ್ಟಲೆ ಅಲ್ಲೇ ಉಳಿಯುತ್ತಾರೆ.

ಪ್ರಾರ್ಥನೆಯ ವಿಷಯ. ಸಿಟ್ಟು ನೆತ್ತಿಗೇರಿದ ಮೇಲೆ ಉದ್ದದ ಪ್ರಾರ್ಥನೆ ನೆನಪಿಗೆ ಬಾರದು. ಐದನೇ ಶತಮಾನದ ಸನ್ಯಾಸಿ ಜಾನ್ ಕ್ಯಾಸಿಯನ್ ತಪಸ್ವಿಗಳಿಗೆ ಎಲ್ಲ ಶೋಧನೆಗಳ (ಪಾಪದ ಸೆಳೆತಗಳ) ವೇಳೆಗೂ 70ನೇ ಕೀರ್ತನೆಯ ಮೊದಲ ಸಾಲನ್ನೇ ಕೊಟ್ಟರು: ದೇವರೇ, ನನ್ನ ಸಹಾಯಕ್ಕೆ ಬೇಗ ಬಾ. ಒಂದು ಉಸಿರಿಗೆ ಸರಿಯಾಗುವ ಮಾತು. ಆದರೆ ಅದು ಸಿಟ್ಟಿನ ವೇಳೆ ತಾನಾಗಿ ಬರಬೇಕಾದರೆ ಸಮಾಧಾನದ ಹೊತ್ತಿನಲ್ಲಿ ರೂಢಿಯಾಗಿರಬೇಕು. ಒಲೆ ಹೊತ್ತಿಸುವಾಗ, ಬಾಗಿಲಿಗೆ ಚಿಲಕ ಹಾಕುವಾಗ, ಹೀಗೆ ದಿನದ ಐದಾರು ಕೆಲಸಗಳಿಗೆ ಅದನ್ನು ಅಂಟಿಸಿ. ಅಪಾಯದ ವೇಳೆಗೆ ಮಾತ್ರ ಎಂದು ಎತ್ತಿಟ್ಟರೆ ಆ ವೇಳೆಗೆ ಅದು ಸಿಗುವುದಿಲ್ಲ.

ಕೂಗಿಬಿಟ್ಟರೆ? ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎನ್ನುತ್ತದೆ ಎಫೆಸದವರಿಗೆ ಬರೆದ ಪತ್ರ (4:26). ಆ ದಿನವೇ ಮಗುವಿನ ಹತ್ತಿರ ಕೂತು, ‘ನಾನು ಕೂಗಿದ್ದು ತಪ್ಪು, ಕ್ಷಮಿಸು’ ಎಂದು ಹೇಳಿ ನಿಲ್ಲಿಸಿ. ‘ಆದರೆ ನೀನೂ ಬೇಗ ಏಳಬೇಕಿತ್ತು’ ಎಂದು ಸೇರಿಸಿದರೆ ಕ್ಷಮೆ ಹೋಗಿ ಇನ್ನೊಂದು ಬೈಗುಳವಾಗುತ್ತದೆ. ಬೇಗ ಏಳಿಸುವ ಮಾತು ಮರುದಿನಕ್ಕಿರಲಿ.

ಪ್ರಶ್ನೆ: ನನ್ನ ಯಜಮಾನರು ಹತ್ತು ವರ್ಷದಿಂದ ದಿನಾ ಎರಡು ಕ್ವಾರ್ಟರ್ ಕುಡಿಯುತ್ತಾರೆ. ಬೆಳಗ್ಗೆ ಕೈ ನಡುಗುತ್ತದೆ. ಈಗ ಅವರಿಗೇ ಬಿಡುವ ಮನಸ್ಸಾಗಿದೆ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ ಒಂದೇ ಏಟಿಗೆ ಬಿಡಿಸೋಣ ಎಂದು ಪ್ರಾರ್ಥನಾ ಕೂಟದವರು ಹೇಳುತ್ತಾರೆ. ನನ್ನ ನಾದಿನಿ, ಸಾರಿನಲ್ಲಿ ಗೊತ್ತಾಗದಂತೆ ಮಾತ್ರೆ ಹಾಕು ಎನ್ನುತ್ತಾಳೆ. ಯಾವುದು ಸರಿ?

ಎರಡೂ ಬೇಡ. ಮೊದಲನೆಯದರಿಂದ ಜೀವಕ್ಕೆ ಅಪಾಯ, ಎರಡನೆಯದರಿಂದಲೂ ಅಷ್ಟೇ.

ದಿನಾ 360 ಮಿಲಿಯಷ್ಟು ಕುಡಿದು ಬೆಳಗ್ಗೆ ಕೈ ನಡುಗುವವರ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರೆಯಿಲ್ಲದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ದಿಕ್ಕು ತಪ್ಪುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಈ ಸ್ಥಿತಿಯಲ್ಲಿ ಸಾವೂ ಸಂಭವಿಸುತ್ತದೆ. ದೆವ್ವ ಮೈಮೇಲೆ ಬಂತು ಎಂದು ಆ ಹೊತ್ತಿನಲ್ಲಿ ಬಿಡಿಸುವ ಪ್ರಾರ್ಥನೆಗೆ ಕೂರಿಸಿ ಆಸ್ಪತ್ರೆಗೆ ತಡಮಾಡುವುದುಂಟು. ಉಪವಾಸವಂತೂ ಇನ್ನೂ ಕೆಟ್ಟದ್ದು. ಬಹುಕಾಲ ಕುಡಿದವರಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಮೊದಲೇ ಬತ್ತಿರುತ್ತದೆ, ಅದು ಇನ್ನೂ ಇಳಿದರೆ ಮೆದುಳಿಗೆ ಪೆಟ್ಟು. ಆದ್ದರಿಂದ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ. ದಾರಿ ತೋರಿಸಲು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಹೋಗುವವರೆಗೆ ತಾನಾಗಿ ಪೂರ್ತಿ ನಿಲ್ಲಿಸಬೇಡಿ ಎಂದು ಅವರಿಗೆ ಹೇಳಿ. ಕೂಟದವರು ಉಪವಾಸ ಮಾಡಬೇಕೆಂದಿದ್ದರೆ ಆ ದಿನಗಳಲ್ಲಿ ಅವರು ಮಾಡಲಿ, ರೋಗಿ ಉಣ್ಣಲಿ.

ನಾದಿನಿ ಹೇಳುವ ಮಾತ್ರೆ ಬಹುಶಃ ಡೈಸಲ್ಫಿರಾಮ್. ಅದು ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ಎದೆ ಡವಡವಿಸಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹಾಗಾಗುತ್ತದೆ ಎಂದು ತಿಳಿದಿರುವುದರಿಂದ ಮನುಷ್ಯ ಕುಡಿಯದೆ ಇರುತ್ತಾನೆ, ಅದರ ಕೆಲಸ ಇಷ್ಟೇ. ತಿಳಿಯದವನಿಗೆ ಹಾಕಿದರೆ ಅವನು ಎಂದಿನಂತೆ ಕುಡಿಯುತ್ತಾನೆ, ಹೃದಯದ ತೊಂದರೆ ಇದ್ದರೆ ಪ್ರಾಣವೇ ಹೋಗಬಹುದು. ವೈದ್ಯರು ಕೊಟ್ಟರೆ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಬಿಟ್ಟು, ಅವರೇ ಒಪ್ಪಿ, ಬೆಳಗಿನ ಪ್ರಾರ್ಥನೆಯ ನಂತರ ನಿಮ್ಮ ಮುಂದೆ ನುಂಗಲಿ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಕೆಮ್ಮಿನ ಸಿರಪ್, ಗಡ್ಡ ಹೆರೆದ ಮೇಲೆ ಹಚ್ಚುವ ಲೋಷನ್‌ಗಳಲ್ಲೂ ಮದ್ಯಸಾರ ಇರುವುದರಿಂದ ಅವನ್ನೂ ವೈದ್ಯರಿಗೆ ತೋರಿಸಿ.

ಇನ್ನು ವಿಶ್ವಾಸದ ಕೆಲಸ. ದೇಹ ಮದ್ಯದಿಂದ ಬಿಡುಗಡೆಯಾಗಲು ಕೆಲವು ದಿನ ಸಾಕು, ಸಂಜೆ ಏಳು ಗಂಟೆ ಮಾತ್ರ ಪ್ರತಿದಿನ ಬರುತ್ತದೆ. ಅಶುದ್ಧಾತ್ಮ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿದ್ದರೂ ಖಾಲಿಯಿದ್ದುದರಿಂದ ಅದು ಇನ್ನೂ ಏಳು ಆತ್ಮಗಳನ್ನು ಕರೆದುಕೊಂಡು ಬಂತೆಂದು ಯೇಸು ಹೇಳುತ್ತಾನೆ (ಮತ್ತಾಯ 12:43-45). ಹಾಗಾಗಿ ಆ ಹೊತ್ತು ತುಂಬಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಕೂಟ ಯಾವ ಮತಕ್ಕೂ ಸೇರಿದ್ದಲ್ಲ, ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ತನ್ನ ಬಲ ಸಾಲದೆಂದು ಒಪ್ಪುವುದು, ತನಗಿಂತ ದೊಡ್ಡ ಶಕ್ತಿಗೆ ಒಪ್ಪಿಸಿಕೊಳ್ಳುವುದು, ಇನ್ನೊಬ್ಬ ಮನುಷ್ಯನ ಮುಂದೆ ತಪ್ಪು ಹೇಳಿಕೊಳ್ಳುವುದು, ಕೆಡಿಸಿದ್ದನ್ನು ಸರಿಪಡಿಸುವುದು, ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಇವೆಲ್ಲ ಇವೆ. ಚರ್ಚಿಗೆ ಹೋಗುವವರು ಇಂಥ ಸಭೆಗೆ ಯಾಕೆ ಎಂದು ಕೂಟದವರು ಕೇಳಿದರೆ, ಚರ್ಚಿನಲ್ಲಿ ಸಂಜೆ ಏಳಕ್ಕೆ ಪ್ರತಿದಿನ ಅವರ ಜತೆ ಕೂರುವವರು ಯಾರು ಎಂದು ತಿರುಗಿ ಕೇಳಿ.

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಬಗ್ಗೆಯೂ ಮೊದಲೇ ಮಾತಾಡಿಕೊಳ್ಳಿ. ಕಥೋಲಿಕರಿಗೆ ರೊಟ್ಟಿಯ ರೂಪವೊಂದೇ ಸಂಪೂರ್ಣ ಪರಮಪ್ರಸಾದ, ತೊಂದರೆಯಿಲ್ಲ. ಬೇರೆ ಸಭೆಗಳಲ್ಲಿ ಪಾತ್ರೆಯಲ್ಲಿರುವುದು ಹುಳಿಯದ ದ್ರಾಕ್ಷಾರಸವೋ ವೈನೋ ಎಂದು ಅಯ್ಯನವರನ್ನು ಕೇಳಿ. ವೈನಾದರೆ ರೊಟ್ಟಿ ಮಾತ್ರ ತೆಗೆದುಕೊಳ್ಳುವುದಾಗಿ ಹೇಳಿಬಿಡಿ. ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಗಂಡಾಂತರ ಕ್ರಿಸ್‌ಮಸ್. ಭರಣಿಯಲ್ಲಿ ಹುದುಗಿಸಿದ ದ್ರಾಕ್ಷಿಯ ವೈನ್ ‘ಮನೆಯದಲ್ಲವೇ’ ಎಂಬ ಕಾರಣಕ್ಕೆ ಮದ್ಯವಲ್ಲದೆ ಹೋಗುವುದಿಲ್ಲ. ಈ ವರ್ಷ ಹಾಕಬೇಡಿ. ಕೇಕಿನ ಒಣಹಣ್ಣನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಡಿ, ಒಂದು ರಾತ್ರಿ ಸಾಕು. ನೆಂಟರ ಮನೆಗೆ ಹೋಗುವ ಮುಂಚೆ ಫೋನಿನಲ್ಲೇ ತಿಳಿಸಿ.

ಕೊನೆಯದಾಗಿ ನಿಮ್ಮ ಪಾಲು. ಅವರ ಕಚೇರಿಗೆ ಫೋನ್ ಮಾಡಿ ‘ಜ್ವರ’ ಎಂದು ಸುಳ್ಳು ಹೇಳುವುದು, ಬಾರಿನ ಬಾಕಿ ತೀರಿಸುವುದು ಇಂದೇ ನಿಲ್ಲಲಿ. ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಒಬ್ಬರ ಭಾರ ಇನ್ನೊಬ್ಬರು ಹೊರಬೇಕೆನ್ನುತ್ತದೆ, ಮೂರೇ ವಚನ ಕಳೆದು ಪ್ರತಿಯೊಬ್ಬರೂ ತಮ್ಮ ಹೊರೆ ತಾವೇ ಹೊರಬೇಕೆನ್ನುತ್ತದೆ. ಕುಡುಕರ ಮನೆಯವರು ಎರಡನೆಯದನ್ನು ಮರೆಯುತ್ತಾರೆ. ಕೈಮಾಡಿದರೆ ಮಾತ್ರ ಸಹಿಸಿಕೊಂಡು ಪ್ರಾರ್ಥಿಸುತ್ತಾ ಕೂರಬೇಡಿ. ಮಕ್ಕಳೊಂದಿಗೆ ಹೊರಬನ್ನಿ, 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಪ್ರಶ್ನೆ: ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ನಂಬಿಕೆ ಕಡಿಮೆ ಇರುವುದರ ಗುರುತೇ? ಸ್ವಸ್ಥತೆಯ ಕೂಟವೊಂದರಲ್ಲಿ, ಮಾತ್ರೆ ಎಸೆದು ಎದ್ದು ನಿಲ್ಲು ಎಂದರು.

ಎಸೆಯಬೇಡಿ. ಬಾಳನೆಂಬ ದೇವತೆಯ ಪ್ರವಾದಿಗಳನ್ನು ಸೋಲಿಸಿದ ಪ್ರವಾದಿ ಎಲೀಯನೇ ಮರುಗಳಿಗೆಯಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದ. ದೇವದೂತ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ಮಲಗಲು ಬಿಟ್ಟ, ಎಬ್ಬಿಸಿ ಮತ್ತೊಮ್ಮೆ ಉಣ್ಣಿಸಿದ (1 ಅರಸುಗಳು 19). ಪೌಲನ ಜತೆಗಾರ ಲೂಕ ವೈದ್ಯನಾಗಿದ್ದ. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ ವೈದ್ಯರು ಮೆಲ್ಲನೆ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ ಬರುತ್ತದೆ, ಖಿನ್ನತೆಯೂ ಮರುಕಳಿಸಬಹುದು. ಆಗ ‘ನನ್ನ ನಂಬಿಕೆ ಸುಳ್ಳಾಯಿತು’ ಎಂಬ ಹೊಸ ಭಾರವೊಂದು ಸೇರುತ್ತದೆ. ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: 24 ವರ್ಷದ ಯುವಕ ನಾನು. ರಾತ್ರಿ ಫೋನಿನಲ್ಲಿ ಅಶ್ಲೀಲ ವಿಡಿಯೋ ನೋಡುವ ಚಟ. ಅತ್ತು ಪ್ರಾರ್ಥಿಸುತ್ತೇನೆ, ಆ್ಯಪ್ ಅಳಿಸುತ್ತೇನೆ, ಮೂರು ದಿನಕ್ಕೆ ಮತ್ತೆ ಹಾಕುತ್ತೇನೆ. ಯಾರಿಗೂ ಹೇಳಿಲ್ಲ.

ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಕೊನೆಯ ವಾಕ್ಯ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಪ್ರಾರ್ಥಿಸಿರಿ, ಆಗ ಗುಣವಾಗುವಿರಿ ಎಂದು ಯಾಕೋಬ ಬರೆದಿದ್ದಾನೆ (5:16). ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಇಂಗ್ಲೆಂಡಿನ ಜಾನ್ ವೆಸ್ಲಿ 1738ರ ಡಿಸೆಂಬರ್ 25ರಂದು ಸಣ್ಣ ಕೂಟಗಳಿಗೆ ಬರೆದ ನಿಯಮಗಳು ಈ ವಚನವನ್ನೇ ಆಧರಿಸಿವೆ: ವಾರಕ್ಕೊಮ್ಮೆಯಾದರೂ ಸೇರಬೇಕು, ಕಳೆದ ಭೇಟಿಯಿಂದೀಚೆಗೆ ಯಾವ ಪಾಪ ಮಾಡಿದೆ, ಯಾವ ಶೋಧನೆ ಬಂತು, ಹೇಗೆ ಪಾರಾದೆ ಎಂದು ಕೇಳಿಕೊಳ್ಳಬೇಕು. ಹಳೇ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ಸಿ.ಎಸ್.ಐ.ಗೆ ಸೇರಿದವು. ನಿಯಮಗಳು ಕಾಗದದಲ್ಲಿ ಉಳಿದವು, ಕೂಟಗಳು ಅಪರೂಪವಾದವು.

ನಿಮಗೆ ಒಬ್ಬರೇ ಸಾಕು. ಗಂಡಸಾಗಿರಲಿ, ವಯಸ್ಸಿನಲ್ಲಿ ಹತ್ತು ವರ್ಷವಾದರೂ ದೊಡ್ಡವರಾಗಿರಲಿ, ಬಾಯಿ ಬಿಗಿಯಿರಲಿ. ಅದೇ ಚಟದಲ್ಲಿ ಒದ್ದಾಡುತ್ತಿರುವ ಗೆಳೆಯ ಬೇಡ, ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನಪಡಿಸಿಕೊಂಡು ಅಲ್ಲೇ ನಿಲ್ಲುತ್ತೀರಿ. ವಾರಕ್ಕೊಮ್ಮೆ, ನಿಗದಿತ ದಿನ, ಅರ್ಧ ಗಂಟೆ. ನೋಡಿದ್ದರ ವಿವರ ಬೇಡ. ಎಷ್ಟು ಸಲ, ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನಾಗಿತ್ತು, ಇಷ್ಟು ಸಾಕು. ‘ಬಿದ್ದ ಮೇಲೆ ಹೇಳುತ್ತೇನೆ’ ಎನ್ನುವುದಕ್ಕಿಂತ ಸೆಳೆತ ಬಂದಾಗಲೇ ಒಂದು ಸಾಲಿನ ಸಂದೇಶ ಕಳಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ್ಯಪ್ ಅಳಿಸುವುದರಲ್ಲಿ ಹುರುಳಿಲ್ಲ, ಮತ್ತೆ ಹಾಕಲು ಒಂದು ನಿಮಿಷ ಸಾಕು. ಫೋನ್ ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಎಬ್ಬಿಸಲು ಒಂದು ಅಲಾರಂ ಗಡಿಯಾರ ಕೊಳ್ಳಿ. ಅಡ್ಡಿಯಾಗುವ ಕಣ್ಣನ್ನು ಕಿತ್ತುಹಾಕು ಎಂಬ ಯೇಸುವಿನ ಮಾತಿಗೆ ಇಷ್ಟಾದರೂ ಗೌರವ ಸಲ್ಲಲಿ. ಹಸಿವು, ಒಂಟಿತನ, ಕೆಲಸದಲ್ಲಿ ಆದ ಅವಮಾನ, ದಣಿವು, ಈ ನಾಲ್ಕರಲ್ಲಿ ಯಾವುದು ಮುಂಚೆ ಬರುತ್ತದೆ ಎಂದು ಗಮನಿಸಿ. ನಾಲ್ಕನೇ ಶತಮಾನದ ಮರುಭೂಮಿಯ ತಪಸ್ವಿ ಇವಾಗ್ರಿಯಸ್ ಕಾಮ, ಕೋಪ, ಬೇಸರ ಮೊದಲಾದ ಎಂಟು ದುರಾಲೋಚನೆಗಳಿಗೆ ಎದುರು ಹೇಳಬೇಕಾದ ಶಾಸ್ತ್ರವಚನಗಳನ್ನು ಬೇರೆ ಬೇರೆಯಾಗಿ ಜೋಡಿಸಿಟ್ಟಿದ್ದ. ನೀವೂ ಒಂದನ್ನು ಆರಿಸಿ ಬಾಯಿಪಾಠ ಮಾಡಿ, ಗಟ್ಟಿಯಾಗಿ ಹೇಳಿ, ಹೇಳುತ್ತಲೇ ಎದ್ದು ಕೋಣೆಯಿಂದ ಹೊರಗೆ ಬನ್ನಿ. ಹಾಸಿಗೆಯಲ್ಲೇ ಮಲಗಿ ಸೆಳೆತದೊಂದಿಗೆ ವಾದ ಮಾಡಿದವರು ಗೆಲ್ಲುವುದು ಕಡಿಮೆ.

ಪ್ರಶ್ನೆ: ಉಪವಾಸ ಮಾಡಿದರೆ ಚಾಡಿ ಹೇಳುವ ಚಾಳಿ ಬಿಡುತ್ತದೆಯೇ?

ಹೊಟ್ಟೆಯ ಉಪವಾಸದಿಂದ ನಾಲಿಗೆಗೆ ಏನೂ ಆಗದು. ಹಸಿದವರು ಇನ್ನೂ ಹೆಚ್ಚು ಚಾಡಿ ಹೇಳುವುದೂ ಇದೆ. ಎದುರಿಗಿಲ್ಲದವರ ಬಗ್ಗೆ ಮಾತು ಬಂದಾಗ ಅವರ ಮುಂದೆಯೇ ಹೇಳಬಹುದಾದಷ್ಟನ್ನು ಮಾತ್ರ ಹೇಳಿ. ಆಡಿಬಿಟ್ಟರೆ, ಯಾರ ಮುಂದೆ ಆಡಿದಿರೋ ಅವರ ಹತ್ತಿರವೇ ಹೋಗಿ ‘ನಾನು ಹಾಗೆ ಹೇಳಬಾರದಿತ್ತು’ ಎಂದು ಹಿಂತೆಗೆದುಕೊಳ್ಳಿ. ಎರಡು ಮೂರು ಸಲ ಹೀಗೆ ಮಾಡಿದರೆ ನಾಲಿಗೆ ತಾನೇ ತಡೆಯುತ್ತದೆ.

ಪ್ರಶ್ನೆ: ಪಾಪನಿವೇದನೆ ಮಾಡಿ ಹೊರಬಂದ ಕೂಡಲೇ ಏನೋ ಬಿಟ್ಟೆ, ಸರಿಯಾಗಿ ಹೇಳಲಿಲ್ಲ ಎಂಬ ಅನುಮಾನ. ಒಂದೇ ವಾರದಲ್ಲಿ ಮೂರು ಸಲ, ಬೇರೆ ಬೇರೆ ಗುರುಗಳ ಬಳಿ ಹೋಗುತ್ತೇನೆ. ಆದರೂ ಸಮಾಧಾನವಿಲ್ಲ.

ಇದು ಭಕ್ತಿಯ ಹೆಚ್ಚಳವಲ್ಲ, ಸಂದೇಹದ ಕಾಯಿಲೆ. ಮೇಲೆ ಹೇಳಿದ ಇಗ್ನೇಷಿಯಸರೇ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದರಿಂದ ಜೀವ ತೆಗೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದರು. ಹಳೆಯ ಪಾಪಗಳನ್ನು ಇನ್ನು ಹೇಳುವುದಿಲ್ಲ ಎಂದು ನಿರ್ಧರಿಸಿದ ಮೇಲೆ ಅದರಿಂದ ಹೊರಬಂದರು. ಪ್ರತಿ ಸಲ ಮತ್ತೆ ಹೇಳಿಕೊಂಡಾಗ ಸಿಗುವ ನೆಮ್ಮದಿ ಕೆಲವೇ ಗಂಟೆಯದು, ಮುಂದಿನ ಅನುಮಾನ ಇನ್ನೂ ಬಲವಾಗಿ ಬರುತ್ತದೆ.

ಒಬ್ಬರೇ ಗುರುಗಳನ್ನು ಇಟ್ಟುಕೊಳ್ಳಿ, ಈ ತೊಂದರೆಯನ್ನು ಅವರಿಗೆ ಮೊದಲೇ ಹೇಳಿ, ಅವರು ಗೊತ್ತುಮಾಡಿದ ದಿನಕ್ಕೇ ಹೋಗಿ. ಪ್ರಾಮಾಣಿಕವಾಗಿ ಮರೆತ ಪಾಪವೂ ಕ್ಷಮಿಸಲ್ಪಟ್ಟಿದೆ ಎಂಬುದು ಕಥೋಲಿಕ ಬೋಧನೆ. ಮುಂದೆಂದೋ ನೆನಪಾದರೆ ಮುಂದಿನ ನಿವೇದನೆಯಲ್ಲಿ ಹೇಳಿದರಾಯಿತು, ಓಡಿಹೋಗಬೇಕಿಲ್ಲ. ಅನುಮಾನ ಎದ್ದಾಗ ಅದನ್ನು ಬಗೆಹರಿಸಲು ಹೋಗದೆ, ಹಾಗೇ ಇರಲು ಬಿಟ್ಟು ಕೈಲಿದ್ದ ಕೆಲಸ ಮುಂದುವರಿಸಿ. ಮೊದಲ ದಿನಗಳಲ್ಲಿ ತಳಮಳ ಏರುತ್ತದೆ, ಆಮೇಲೆ ತಾನಾಗಿ ಇಳಿಯತೊಡಗುತ್ತದೆ. ಕೈ ಪದೇ ಪದೇ ತೊಳೆಯುವುದು, ಬೀಗ ಎಳೆದೆಳೆದು ನೋಡುವುದು, ಮನಸ್ಸಿನಲ್ಲಿ ದೇವದೂಷಣೆಯ ಮಾತು ನುಗ್ಗುವುದು, ಇವೂ ಜತೆಗಿದ್ದರೆ ಅದು ಗೀಳು ಕಾಯಿಲೆ. ಅದಕ್ಕೆ ಔಷಧವೂ ಇದೆ, ಮನೋಚಿಕಿತ್ಸೆಯೂ ಇದೆ, ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಚಿಕಿತ್ಸೆ ಶುರುವಾದಾಗ ನಿಮ್ಮ ಗುರುಗಳ ನಿಯಮವನ್ನು ವೈದ್ಯರಿಗೂ, ವೈದ್ಯರ ಸೂಚನೆಯನ್ನು ಗುರುಗಳಿಗೂ ತಿಳಿಸಿ. ಒಬ್ಬರು ಬೇಡವೆಂದದ್ದಕ್ಕೆ ಇನ್ನೊಬ್ಬರಿಂದ ಅನುಮತಿ ಪಡೆಯುವ ದಾರಿ ಆಗ ಮುಚ್ಚುತ್ತದೆ.